ಹಳೆಯ ಅಂಗಣ, ಹಳೆಯ ಉಡುಗೆ

ಅಮೆರಿಕ ಸಂಯುಕ್ತ ಸಂಸ್ಥಾನದ ದಕ್ಷಿಣ ಪ್ರಾಂತಗಳಲ್ಲೊಂದಾದ ಅಲಬಾಮದಲ್ಲಿ, ಬರ್ಮಿಂಗ್‌ಹ್ಯಾಮ್ ಎಂಬ ಉಕ್ಕಿನ ಊರಿನ ಪಶ್ಚಿಮ ಭಾಗದಲ್ಲಿ, ರಿಕ್‌ವುಡ್ ಎಂಬ ಹೆಸರಿನ ಒಂದು ಬೇಸ್‌ಬಾಲ್ ಅಂಗಣವುಂಟು. 1910ನೆಯ ಇಸವಿ ಆಗಸ್ಟ್ 18ರಂದು ಮೊದಲ ಪಂದ್ಯವನ್ನು ಕಂಡ ಈ ಅಂಗಣವು, ಆ ದೇಶದಲ್ಲಿ ವೃತ್ತಿಯ ಆಟಗಾರರಿಗೆಂದು ಕಟ್ಟಿಸಿದವುಗಳ ಪೈಕಿ ಇಂದಿಗೂ ನಿಂತಿರತಕ್ಕ ಅತ್ಯಂತ ಹಳೆಯದು. ಪುರಾತನತೆಗೆ ಹೆಸರುವಾಸಿಯಾದ ಬಾಸ್ಟನ್ನಿನ ಫೆನ್‌ವೇ ಪಾರ್ಕ್ ಸಹ ಇದಕ್ಕಿಂತ ಎರಡು ವರ್ಷ ಕಿರಿಯದು. ಇಲ್ಲಿ ವೃತ್ತಿತಂಡದ ನಿತ್ಯದ ಪಂದ್ಯಗಳು ನಿಂತುಹೋಗಿ ಬಹುಕಾಲವಾಯಿತು. ಆದರೂ 1996ರಿಂದ ಮೊದಲ್ಗೊಂಡು, ಆ ಊರಿನ ಬ್ಯಾರನ್ಸ್ ಎಂಬ ತಂಡದವರು, ಬೇಸಗೆಯಲ್ಲಿ ವಾರದ ನಡುವಣ ಒಂದು ದಿನ ಮಧ್ಯಾಹ್ನ, ತಮ್ಮ ಹೊಸ ಕ್ರೀಡಾಂಗಣದ ಸಕಲ ಸೌಕರ್ಯಗಳನ್ನೂ ತೊರೆದು ಇಲ್ಲಿಗೆ ಬಂದು, ಗತಿಸಿದ ಯಾವುದೋ ಒಂದು ದಶಕದ ಉಡುಗೆಯನ್ನು ತಾವೂ ತೊಟ್ಟು ಪ್ರತಿಪಕ್ಷದವರಿಗೂ ತೊಡಿಸಿ ಆಟವಾಡುವ ಪದ್ಧತಿಯೊಂದನ್ನು ನಡೆಸಿಕೊಂಡು ಬಂದರು. ರಿಕ್‌ವುಡ್ ಕ್ಲಾಸಿಕ್ ಎಂಬುದು ಆ ಪಂದ್ಯದ ಹೆಸರು. ಪ್ರತಿವರ್ಷವೂ ತಪ್ಪದೆ ನಡೆಯಿತೆಂದು ಹೇಳುವಂತಿಲ್ಲ. 2020ರಲ್ಲಿ ಸಾಂಕ್ರಾಮಿಕದ ದೆಸೆಯಿಂದ ಆ ದರ್ಜೆಯ ಆಟವೆಲ್ಲವೂ ದೇಶಾದ್ಯಂತ ರದ್ದಾಯಿತು. ಊರಾಚೆಯ ಹಳೆಯ ಮಂಟಪಕ್ಕೆ ಉತ್ಸವಮೂರ್ತಿಯು ವರ್ಷಕ್ಕೊಮ್ಮೆ ಬಿಜಯಂಗೈದು, ಪೂಜೆಗೊಂಡು, ಸಂಜೆಗೆ ಗುಡಿಗೆ ಹಿಂದಿರುಗುವ ಕ್ರಮವನ್ನು ಬಲ್ಲ ನಮ್ಮವರಿಗೆ ಇದರ ಸ್ವಾರಸ್ಯವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ವಿವರಿಸಬೇಕಾದುದು ಬೇರೆಯೊಂದು ಸಂಗತಿ. ಈ ಪಂದ್ಯವನ್ನು ಬರಿಯ ಪ್ರದರ್ಶನವೆಂದಾಗಲಿ, ನಿವೃತ್ತರಾದ ಹಿರಿಯರ ವಿನೋದವೆಂದಾಗಲಿ ತಿಳಿಯಬಾರದು. ಅಮೆರಿಕದ ಬೇಸ್‌ಬಾಲಿನಲ್ಲಿ ಮೇಜರ್ ಲೀಗ್ ಎಂಬ ಶಿಖರದ ಮೇಲೆ 30 ತಂಡಗಳಿವೆ. ಆ ಒಂದೊಂದಕ್ಕೂ ಮೆಟ್ಟಿಲು ಮೆಟ್ಟಿಲಾಗಿ ಕೆಳಗೆ ನಾಲ್ಕು ನಾಲ್ಕು ಮೈನರ್ ಲೀಗ್ ತಂಡಗಳು, ಅಂದರೆ ಒಟ್ಟು 120, ಸೇರಿಕೊಂಡಿವೆ. ಈ ಕೆಳಗಿನ ತಂಡಗಳ ಆಟಗಾರರಿಗೆ ಸಂಬಳ ಕೊಡತಕ್ಕವರೂ, ಅವರನ್ನು ಮೇಲಕ್ಕೆ ಕರೆದುಕೊಳ್ಳತಕ್ಕವರೂ, ಒಂದು ಬೆಳಗ್ಗೆ ಯಾವ ಮುನ್ಸೂಚನೆಯೂ ಇಲ್ಲದೆ ಮನೆಗೆ ಕಳುಹಿಸತಕ್ಕವರೂ ಮೇಲಿನ ತಂಡದವರೇ. ಬ್ಯಾರನ್ಸ್ ತಂಡವು 1986ರಿಂದ ಷಿಕಾಗೋ ವೈಟ್ ಸಾಕ್ಸ್ ತಂಡದ ಆಶ್ರಯದಲ್ಲಿದ್ದು, ಡಬಲ್-ಎ ಎಂಬ ಮೆಟ್ಟಿಲಿಗೆ, ಎಂದರೆ ಶಿಖರದಿಂದ ಎರಡು ಮೆಟ್ಟಿಲು ಕೆಳಕ್ಕೆ, ಸೇರಿದುದು. ಅದರಲ್ಲಿ ಆಡುವ ಇಪ್ಪತ್ತೆರಡು ಇಪ್ಪತ್ತಮೂರು ವಯಸ್ಸಿನ ತರುಣರು ಉಮೇದುವಾರಿಯಲ್ಲಿರುವವರು. ರಿಕ್‌ವುಡ್ಡಿನಲ್ಲಿ ಅವರು ತೊಡುವ ಸಡಿಲವಾದ ಷರಾಯಿ, ಮೊಣಕಾಲಿನವರೆಗೆ ಎಳೆದ ಕಾಲುಚೀಲ, ಎದೆಯ ಮೇಲಿನ ದಪ್ಪಕ್ಷರ, ಇವೆಲ್ಲ ವೇಷವೇ ಹೌದು. ಆದರೆ ಅಂದು ಗೆದ್ದ ಪಂದ್ಯ ಗೆದ್ದ ಲೆಕ್ಕಕ್ಕೂ, ಸೋತುದು ಸೋತ ಲೆಕ್ಕಕ್ಕೂ ಸೇರುತ್ತದೆ, ತಪ್ಪಿದ ಚೆಂಡು ಹೆಸರಿನ ಮುಂದೆ ಬರೆಯಲ್ಪಡುತ್ತದೆ. ಪ್ರೇಕ್ಷಕನಿಗೆ ಉತ್ಸವವಾಗಿರುವುದು ಆಟಗಾರನಿಗೆ ಕಚೇರಿಯ ದಿನ. ಈ ಎರಡರ ಸಹವಾಸವೇ ನನಗೆ ಈ ಪಂದ್ಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಹಿಡಿಸುವ ವಿಷಯ.

ಇನ್ನು ಅಂಗಣದ ಪೂರ್ವವೃತ್ತಾಂತ. ಬರ್ಮಿಂಗ್‌ಹ್ಯಾಮ್ 1871ರಲ್ಲಿ ಹುಟ್ಟಿದ ಊರು. ಕಬ್ಬಿಣದ ಅದುರು, ಕಲ್ಲಿದ್ದಲು, ಸುಣ್ಣಕಲ್ಲು, ಇವು ಮೂರೂ ಅಕ್ಕಪಕ್ಕದಲ್ಲೇ ಸಿಕ್ಕುವ ಭೂಭಾಗವಾದ್ದರಿಂದ, ನಾಲ್ಕು ದಶಕ ಕಳೆಯುವುದರೊಳಗಾಗಿ ಅದು ಕುಲುಮೆಗಳ ರಾಜಧಾನಿಯಾಯಿತು. ಕಲ್ಲಿದ್ದಲಿನ ಒಡೆಯರು ಎಂಬರ್ಥ ಬರುವಂತೆ ಊರಿನ ತಂಡಕ್ಕೆ ಕೋಲ್ ಬ್ಯಾರನ್ಸ್ ಎಂದು ಹೆಸರಾದುದೂ ಈ ಕಾರಣದಿಂದಲೇ. ಕಬ್ಬಿಣದ ಕಾರ್ಖಾನೆಯ ಮನೆತನಕ್ಕೆ ಸೇರಿದ, ಸ್ನೇಹಿತರ ಬಾಯಲ್ಲಿ ರಿಕ್ ಎನಿಸಿಕೊಂಡ ಎ. ಎಚ್. ವುಡ್‌ವರ್ಡ್ ಎಂಬ ಧನಿಕನು ಆ ತಂಡವನ್ನು ಕೊಂಡು, ಅದಕ್ಕೊಂದು ಅಂಗಣವನ್ನು ಕಟ್ಟಿಸಲು ಹೊರಟಾಗ, ಆ ಕಾಲದ ಅಂಗಣಗಳೆಲ್ಲ ಬಹುಮಟ್ಟಿಗೆ ಮರದ ಕಟ್ಟಡಗಳಾಗಿದ್ದು, ಬೆಂಕಿ ಬಿದ್ದು ಬೂದಿಯಾಗುವುದು ಸಾಮಾನ್ಯ ಸಂಗತಿಯಾಗಿತ್ತು. ಹಿಂದಿನ ವರ್ಷವಷ್ಟೆ, 1909ರಲ್ಲಿ, ಫಿಲಡೆಲ್ಫಿಯದ ಷೈಬ್ ಪಾರ್ಕ್, ಪಿಟ್ಸ್‌ಬರ್ಗಿನ ಫೋರ್ಬ್ಸ್ ಫೀಲ್ಡ್ ಎಂಬ ಎರಡು ಅಂಗಣಗಳು ಉಕ್ಕು ಮತ್ತು ಕಾಂಕ್ರೀಟುಗಳಿಂದ ಎದ್ದುನಿಂತಿದ್ದುವು. ವುಡ್‌ವರ್ಡ್ ಅವುಗಳನ್ನೇ ಮೇಲ್ಪಂಕ್ತಿಯಾಗಿಟ್ಟುಕೊಂಡು, ಆಟದ ನೆಲವನ್ನು ಹೇಗೆ ಅಳವಡಿಸಬೇಕೆಂಬುದರಲ್ಲಿ ಫಿಲಡೆಲ್ಫಿಯ ತಂಡದ ಪ್ರಖ್ಯಾತ ವ್ಯವಸ್ಥಾಪಕನಾದ ಕಾನಿ ಮ್ಯಾಕನ ಸಲಹೆಯನ್ನು ಪಡೆದು, ಮೈನರ್ ಲೀಗಿನ ಊರೊಂದಕ್ಕೆ ಮೇಜರ್ ಲೀಗಿಗೆ ಒಪ್ಪುವಂಥ ಕಟ್ಟಡವನ್ನು ಒದಗಿಸಿದನು. ಹೆಸರು ಸೂಚಿಸಿರೆಂದು ಊರವರಲ್ಲಿ ಸ್ಪರ್ಧೆಯೇರ್ಪಡಿಸಿದಾಗ ಬಂದ ಹೆಸರಿನಲ್ಲಿ, ಒಡೆಯನ ಅಡ್ಡಹೆಸರೂ ಮನೆಹೆಸರೂ ಸಂಧಿಗೊಂಡು ರಿಕ್‌ವುಡ್ ಆದುವು. ಪ್ರಾರಂಭದ ದಿನ ಊರಿನ ಅಂಗಡಿಗಳು ಮುಚ್ಚಿದುವು; ಹತ್ತು ಸಾವಿರಕ್ಕೂ ಮಿಕ್ಕಿದ ಜನ ನೆರೆಯಿತು. ಒಡೆಯನು ತಾನೂ ಆಟದ ಉಡುಪನ್ನು ತೊಟ್ಟು ಬಂದು, ಸಮಾರಂಭದ ಮಟ್ಟಿಗಲ್ಲದೆ ಪಂದ್ಯದ್ದೇ ಆದ ಮೊದಲ ಚೆಂಡನ್ನು ಎಸೆದು, ತನ್ನ ಹಣದ ಸಾರ್ಥಕ್ಯವನ್ನು ಕಂಡುಕೊಂಡನು. ಮಾಂಟ್ಗಮರಿಯ ತಂಡವನ್ನು ಬ್ಯಾರನ್ಸ್ 3-2ರಿಂದ ಸೋಲಿಸಿತು.

1928ರಲ್ಲಿ ಸ್ಪ್ಯಾನಿಷ್ ಮಾದರಿಯ ಮುಂಬಾಗಿಲೂ, ಬಯಲಿನ ಸುತ್ತ ಕಾಂಕ್ರೀಟಿನ ಗೋಡೆಯೂ ಸೇರಿದುವು. 1936ರಲ್ಲಿ ರಾತ್ರಿಯ ಆಟಕ್ಕಾಗಿ ಚಾವಣಿಯ ಮೇಲಿಂದ ಬಯಲಿನ ಕಡೆಗೆ ಬಾಗಿದ ದೀಪಸ್ತಂಭಗಳು ಬಂದುವು. ಆಟದ ಪರಾಕ್ರಮಗಳನ್ನು ಹೇಳಹೊರಟರೆ ಮುಗಿಯದು. ಆದರೂ ಒಂದನ್ನು ಹೇಳದೆ ಬಿಡಲಾರೆ. ದಕ್ಷಿಣದ ಎರಡು ಲೀಗುಗಳ ವಿಜೇತರು ಸೆಣಸುತ್ತಿದ್ದ ಡಿಕ್ಸಿ ಸರಣಿಯ 1931ರ ಮೊದಲ ಪಂದ್ಯದಲ್ಲಿ ಹ್ಯೂಸ್ಟನ್ ತಂಡದ ಪಿಚರ್, ಎಂದರೆ ಚೆಂಡೆಸೆಯುವವನು, ಆಗಿ ಬಂದ ಡಿಜ್ಜಿ ಡೀನ್ ಎಂಬ ಇಪ್ಪತ್ತೊಂದರ ಪ್ರಾಯದ, ಬಾಯಿಜೋರಿಗೂ ಕೈಚಳಕಕ್ಕೂ ಸಮನಾಗಿ ಹೆಸರುಗೊಂಡ ಯುವಕನನ್ನು, ಮೇಜರ್ ಲೀಗಿನಿಂದ ಎಂದೋ ಇಳಿದುಬಂದಿದ್ದ ರೇ ಕಾಲ್ಡ್‌ವೆಲ್ ಎಂಬ ನಲವತ್ತಮೂರು ವಯಸ್ಸಿನ ಬ್ಯಾರನ್ಸ್ ಪಿಚರನು ಎದುರಿಸಿ, 1-0ಯಿಂದ ಸೋಲಿಸಿದನು. ಆ ಊರಿನ ಹಿರಿಯರು ಈ ಕಥೆಯನ್ನು ಹೇಳುವುದಕ್ಕೆ ಒಂದೊಂದು ಪೀಳಿಗೆಯನ್ನೂ ತಯಾರು ಮಾಡಿಟ್ಟಂತೆ ತೋರುತ್ತದೆ.

ಕ್ಲಾಸಿಕ್ ಪಂದ್ಯದ ದಿನ ಒಳಹೊಕ್ಕವನಿಗೆ ಕಾಣುವ ದೃಶ್ಯವು ಈ ಕಥೆಗಳಿಗೆ ಅನುಗುಣವಾದುದೇ. ಕೈಯಿಂದ ಅಂಕಿಗಳನ್ನು ತೂಗುಹಾಕುವ ಸ್ಕೋರ್‌ಬೋರ್ಡು, ತಂತಿಯ ತೆರೆಯ ಹಿಂದೆ ಉಕ್ಕಿನ ಕಂಬಗಳ ಮೇಲೆ ನಿಂತ ಚಾವಣಿ, ಬೇಲಿಯುದ್ದಕ್ಕೂ ಕುಂಚದಿಂದ ಬರೆದ ಹಳೆಯ ಕಾಲದ ಜಾಹೀರಾತುಗಳು. ಪ್ರೇಕ್ಷಕರಲ್ಲಿಯೂ ಕೆಲವರು ಹುಲ್ಲಿನ ಹ್ಯಾಟು, ತೋಳುಪಟ್ಟಿ, ಅಜ್ಜಿಯರ ಕಾಲದ ನಿಲುವಂಗಿಗಳಿಂದ ಅಲಂಕೃತರು. ಇಲ್ಲಿ ಸೂಕ್ಷ್ಮದೃಷ್ಟಿಯುಳ್ಳವನು ಒಂದು ಪ್ರಶ್ನೆಯನ್ನು ಕೇಳಿಕೊಳ್ಳದಿರಲಾರ: ಹಳೆಯದಾಗಿ ಕಾಣುವುದರಲ್ಲಿ ನಿಜವಾಗಿ ಹಳೆಯದಾವುದು? ಟೈ ಕಾಬ್ ಎಂಬ ಆಟಗಾರನ ಜೀವನವನ್ನು ಕುರಿತ ಚಲನಚಿತ್ರವನ್ನು ತೆಗೆಯಲು 1990ರ ದಶಕದಲ್ಲಿ ಹಾಲಿವುಡ್ಡಿನವರು ಇಲ್ಲಿಗೆ ಬಂದರು. ಆಮೇಲೆ ಕಪ್ಪುವರ್ಣೀಯರಿಗೆಂದು ಪ್ರತ್ಯೇಕವಾಗಿದ್ದ ನೀಗ್ರೋ ಲೀಗುಗಳನ್ನು ಕುರಿತೊಂದು, ಮೇಜರ್ ಲೀಗಿನ ವರ್ಣಭೇದವನ್ನು ಮುರಿದ ಕಪ್ಪುವರ್ಣೀಯ ಆಟಗಾರ ಜ್ಯಾಕಿ ರಾಬಿನ್ಸನ್ನನನ್ನು ಕುರಿತೊಂದು, ಹೀಗೆ ಚಿತ್ರಗಳು ಬಂದುವು. ಅವರು ತಮ್ಮ ಕಥೆಗೆ ಬೇಕಾದ ಪುರಾತನತೆಯನ್ನು ಬಣ್ಣದಿಂದಲೂ ಹಲಗೆಯಿಂದಲೂ ನಿರ್ಮಿಸಿ, ಹೋಗುವಾಗ ಇಲ್ಲಿಯೇ ಬಿಟ್ಟುಹೋದರು. ಪ್ರಾಯಶಃ ನೋಡುವವರ ಕಣ್ಣಿಗೆ ಎಲ್ಲಕ್ಕಿಂತ ಹಳೆಯದಾಗಿ ಕಾಣುವ ಬೇಲಿಯ ಚಿತ್ತಾರವೇ ಎಲ್ಲಕ್ಕಿಂತ ಹೊಸದು. ಅದರ ಹಿಂದೆ, ಯಾರ ಗಮನವನ್ನೂ ಸೆಳೆಯದೆ, ಬಣ್ಣಗೆಟ್ಟು ನಿಂತ 1928ರ ಕಾಂಕ್ರೀಟ್ ಗೋಡೆ ನಿಜವಾದ ಹಿರಿಯ. ಇದರಿಂದ ಮೋಸವಾಯಿತೆಂದು ಯಾರೂ ದೂರುವಂತಿಲ್ಲ. ಆದರೆ ಗತಕಾಲವನ್ನು ಉಡುಪಾಗಿ ತೊಡಲು ಹೊರಟವನು ಯಾವುದೋ ಒಂದನ್ನು ಆರಿಸಿಕೊಳ್ಳುತ್ತಾನೆ, ಆರಿಸುವಾಗ ಮತ್ತೊಂದನ್ನು ಪೆಟ್ಟಿಗೆಯಲ್ಲಿಯೇ ಬಿಡುತ್ತಾನೆ ಎಂಬುದು ಮಾತ್ರ ಸ್ಪಷ್ಟ.

ರಿಕ್‌ವುಡ್ಡಿನ ಪೆಟ್ಟಿಗೆಯಲ್ಲಿ ಎರಡು ಬಗೆಯ ಉಡುಪುಗಳಿವೆ. ಬಿಳಿಯರ ಬ್ಯಾರನ್ಸ್ ಪರಸ್ಥಳಕ್ಕೆ ಹೋದ ದಿನಗಳಲ್ಲಿ ಇದೇ ನೆಲದ ಮೇಲೆ, 1920ರಿಂದ ಮೊದಲ್ಗೊಂಡು, ಬ್ಲ್ಯಾಕ್ ಬ್ಯಾರನ್ಸ್ ಎಂಬ ಕಪ್ಪುವರ್ಣೀಯರ ತಂಡ ಆಡುತ್ತಿತ್ತು. ಆ ತಂಡಕ್ಕೆ ಆಟಗಾರರನ್ನು ಒದಗಿಸುತ್ತಿದ್ದುದು ಬಹುಮಟ್ಟಿಗೆ ಊರಿನ ಕಾರ್ಖಾನೆಗಳೇ. ವಾರವಿಡೀ ಕುಲುಮೆಯ ಮುಂದೆ ದುಡಿದವರು ರಜಾದಿನ ಕಾರ್ಖಾನೆಯ ತಂಡಗಳಲ್ಲಿ ಆಡಿ ಪಳಗಿ ಮೇಲೆ ಬರುತ್ತಿದ್ದರು. ಬಿಳಿಯರ ಪಂದ್ಯದ ದಿನ ಕಪ್ಪುವರ್ಣದ ಪ್ರೇಕ್ಷಕರಿಗೆ ಬಲಮೂಲೆಯಲ್ಲಿ ಚಾವಣಿಯಿಲ್ಲದ ಪ್ರತ್ಯೇಕ ಮೆಟ್ಟಿಲುಗಳು. ಬ್ಲ್ಯಾಕ್ ಬ್ಯಾರನ್ಸ್ ಆಡುವ ದಿನ ಚಾವಣಿಯ ನೆರಳು ಅವರದು, ನೋಡಬಂದ ಬಿಳಿಯರಿಗೆ ಬೇರೆಯಾಗಿ ಕಟ್ಟಿದ ಭಾಗ. ಬೇಸ್‌ಬಾಲಿನ ಇತಿಹಾಸದಲ್ಲಿಯೇ ಅತ್ಯಂತ ಸಮರ್ಥನಾದ ಪಿಚರ್ ಇವನೇ ಎಂದು ಅನೇಕರು ಭಾವಿಸುವ ಸ್ಯಾಚೆಲ್ ಪೇಜ್ 1927ರಲ್ಲಿ ಈ ತಂಡವನ್ನು ಸೇರಿ, ಮೂರು ನಾಲ್ಕು ವರ್ಷ ಇಲ್ಲಿ ಚೆಂಡೆಸೆದನು. 1948ರಲ್ಲಿ, ಪೈಪರ್ ಡೇವಿಸ್ ತಂಡದ ನಾಯಕತ್ವ ವಹಿಸಿದ್ದಾಗ, ನೆರೆಯ ಫೇರ್‌ಫೀಲ್ಡಿನ ಪ್ರೌಢಶಾಲೆಯ ವಿದ್ಯಾರ್ಥಿಯೊಬ್ಬನು, ಓದಿಗೆ ಭಂಗ ಬರದಂತೆ ರಜಾದಿನಗಳಲ್ಲಿ ಮಾತ್ರ ಆಡುವನೆಂಬ ಕರಾರಿನ ಮೇಲೆ, ತಂಡಕ್ಕೆ ಬಂದನು. ಮುಂದೆ ಬೇಸ್‌ಬಾಲಿನ ಮಹಾನ್ ಆಟಗಾರರಲ್ಲೊಬ್ಬನೆನಿಸಿದ, ಹದಿನೇಳು ವರ್ಷದ ಆ ಹುಡುಗನ ಹೆಸರು ವಿಲ್ಲಿ ಮೇಸ್. ಆ ವರ್ಷ ಬ್ಲ್ಯಾಕ್ ಬ್ಯಾರನ್ಸ್ ತಮ್ಮ ಲೀಗನ್ನು ಗೆದ್ದು, ನೀಗ್ರೋ ಲೀಗುಗಳ ವಿಶ್ವ ಸರಣಿಯಲ್ಲಿ ಹೋಮ್‌ಸ್ಟೆಡ್ ಗ್ರೇಸ್ ತಂಡವನ್ನು ಎದುರಿಸಿದರು. ಐದು ಪಂದ್ಯಗಳಲ್ಲಿ ಅವರು ಗೆದ್ದುದು ಒಂದೇ ಒಂದು. ಅದು ರಿಕ್‌ವುಡ್ಡಿನಲ್ಲಿ, ಬಿಲ್ ಗ್ರೀಸನ್ ಎಂಬ ಯುವಕ ಪಿಚರನ ಎಸೆತದ ಬಲದಿಂದಲೂ ಮೇಸನ ಕೊನೆಯ ಹೊಡೆತದಿಂದಲೂ ದೊರೆತ ಜಯ. ಅಂಥ ಸರಣಿ ಮತ್ತೆ ನಡೆಯಲಿಲ್ಲ. ಮೇಜರ್ ಲೀಗಿನವರು ಕಪ್ಪುವರ್ಣದ ಉತ್ತಮ ಆಟಗಾರರನ್ನು ತಮ್ಮ ಕಡೆಗೆ ಕರೆದುಕೊಳ್ಳತೊಡಗಿದುದೇ ಅದಕ್ಕೆ ಕಾರಣವಾಯಿತು.

ಊರಿನ ರಾಜಕೀಯಕ್ಕೂ ಈ ಅಂಗಣಕ್ಕೂ ಇದ್ದ ಸಂಬಂಧವು ಕಾದಂಬರಿಕಾರನು ಕಲ್ಪಿಸಿದ್ದರೆ ಓದುಗರು ನಂಬದಿರುವಂಥದು. ಬ್ಯಾರನ್ಸ್ ತಂಡದ ಪಂದ್ಯಗಳನ್ನು, ತಂತಿಯಲ್ಲಿ ಬಂದ ನಾಲ್ಕಕ್ಷರದ ವರ್ತಮಾನವನ್ನು ಆಧರಿಸಿ, ಕಣ್ಣೆದುರಿಗೆ ಕಾಣುತ್ತಿರುವಂತೆ ರೇಡಿಯೋದಲ್ಲಿ ವರ್ಣಿಸಿ ಮನೆಮಾತಾದ ಒಬ್ಬ ವೀಕ್ಷಕ ವಿವರಣೆಗಾರನಿದ್ದನು. ಯೂಜೀನ್ ಕಾನರ್ ಎಂಬ ಆತನು, 'ಬುಲ್' ಎಂಬ ಅಡ್ಡಹೆಸರಿನಿಂದ ಪ್ರಸಿದ್ಧನಾಗಿ, ಆ ಜನಪ್ರಿಯತೆಯ ಬಲದಿಂದಲೇ ಚುನಾವಣೆಗಳನ್ನು ಗೆದ್ದು, ನಗರದ ಪೊಲೀಸ್ ಅಧಿಕಾರವನ್ನು ಕೈಗೆ ತೆಗೆದುಕೊಂಡನು. 1963ರಲ್ಲಿ ಸಮಾನ ಹಕ್ಕನ್ನು ಕೇಳಿ ಬೀದಿಗಿಳಿದ ಮಕ್ಕಳ ಮೇಲೆ ನಾಯಿಗಳನ್ನೂ ನೀರಿನ ಕೊಳವೆಗಳನ್ನೂ ಬಿಡಿಸಿ, ಜಗತ್ತಿನ ವೃತ್ತಪತ್ರಿಕೆಗಳ ಮುಖಪುಟವನ್ನು ಸೇರಿದ ಕಾನರ್ ಇವನೇ. ಕಪ್ಪುವರ್ಣೀಯರೂ ಬಿಳಿಯರೂ ಜೊತೆಗೂಡಿ ಇಸ್ಪೀಟು, ದಾಳದಾಟ, ಚೆಕರ್ಸ್ ಮುಂತಾದುವನ್ನು ಆಡುವುದೇ ಅಪರಾಧವೆಂದು ಆ ನಗರದ ಶಾಸನ ವಿಧಿಸಿತ್ತು. ಬೇಸ್‌ಬಾಲನ್ನೂ ಅದು ಬಿಟ್ಟಿರಲಿಲ್ಲ. 1954ರ ಆದಿಯಲ್ಲಿ ಕೆಲವು ಆಟಗಳ ಮಟ್ಟಿಗೆ ನಿಷೇಧವನ್ನು ಸಡಿಲಿಸಿದ್ದರಿಂದ, ಜ್ಯಾಕಿ ರಾಬಿನ್ಸನ್ ಇದ್ದ ಬ್ರೂಕ್ಲಿನ್ ತಂಡವು ರಿಕ್‌ವುಡ್ಡಿಗೆ ಬಂದು ಆಡಿತು. ಅದೇ ವರ್ಷ ಮತದಾರರು ಬಹುಮತದಿಂದ ನಿಷೇಧವನ್ನು ಮರಳಿ ಸ್ಥಾಪಿಸಿದರು. ಬ್ಯಾರನ್ಸ್ ಸೇರಿದ್ದ ಸದರನ್ ಅಸೋಸಿಯೇಷನ್ ಎಂಬ ಲೀಗು, ತನ್ನ ಇತಿಹಾಸದುದ್ದಕ್ಕೂ ಒಬ್ಬನೇ ಒಬ್ಬ ಕಪ್ಪುವರ್ಣೀಯನಿಗೆ, ಅದೂ ಎರಡು ಪಂದ್ಯಗಳ ಮಟ್ಟಿಗೆ, ಎಡೆಕೊಟ್ಟು, 1961ರ ಋತು ಮುಗಿಯುತ್ತಲೇ ಮುಚ್ಚಿಹೋಯಿತು. ಬೆರೆಯುವುದಕ್ಕಿಂತ ಇಲ್ಲವಾಗುವುದೇ ಲೇಸೆಂಬ ಈ ಹಟದ ಫಲವಾಗಿ, ಮುಂದಿನ ಎರಡು ವರ್ಷ ಬರ್ಮಿಂಗ್‌ಹ್ಯಾಮಿಗೆ ತಂಡವೇ ಇರಲಿಲ್ಲ. 1964ರಲ್ಲಿ ಹೊಸ ಲೀಗಿನಲ್ಲಿ, ಎರಡೂ ವರ್ಣದವರಿಂದ ಕೂಡಿದ ಮೊದಲ ಬ್ಯಾರನ್ಸ್ ಈ ನೆಲದ ಮೇಲೆ ಕಾಲಿಟ್ಟಿತು. ಅದೇ ಊರಿನ ಕಪ್ಪುವರ್ಣೀಯರ ಚರ್ಚೊಂದರಲ್ಲಿ ಬಾಂಬು ಸಿಡಿದು ನಾಲ್ವರು ಬಾಲಕಿಯರು ಸತ್ತು ಆಗ ಇನ್ನೂ ವರ್ಷ ತುಂಬಿರಲಿಲ್ಲ.

1987ರಲ್ಲಿ ತಮ್ಮ ಲೀಗಿನ ಕಿರೀಟವನ್ನು ಗೆದ್ದು ಬ್ಯಾರನ್ಸ್ ರಿಕ್‌ವುಡ್ಡಿಗೆ ವಿದಾಯ ಹೇಳಿದರು. ಮರುವರ್ಷ ಹೂವರ್ ಎಂಬ ಉಪನಗರಕ್ಕೂ, 2013ರಲ್ಲಿ ನಗರದ ನಡುವಣ ರೀಜನ್ಸ್ ಫೀಲ್ಡಿಗೂ ತಮ್ಮ ಬಿಡಾರವನ್ನು ಸಾಗಿಸಿದರು. ಮೇಲ್ಪಂಕ್ತಿಯಾಗಿದ್ದ ಫೋರ್ಬ್ಸ್ ಫೀಲ್ಡ್ 1971ರಲ್ಲಿಯೂ ಷೈಬ್ ಪಾರ್ಕ್ 1976ರಲ್ಲಿಯೂ ನೆಲಸಮವಾದುವು. ಅವುಗಳ ನಕಲು ಮಾತ್ರ ಉಳಿಯಿತು. ಏಕೆ ಉಳಿಯಿತೆಂದರೆ, ಭಕ್ತಿಯಿಂದ ಎನ್ನುವುದಕ್ಕೆ ಮುಂಚೆ, ಆ ಬಡಾವಣೆಯ ನೆಲಕ್ಕಾಗಿ ಯಾವ ಶ್ರೀಮಂತನೂ ಹಾತೊರೆಯಲಿಲ್ಲವೆಂದು ಹೇಳುವುದು ಸತ್ಯಕ್ಕೆ ಹತ್ತಿರವಾದೀತೆಂದು ನನ್ನ ಊಹೆ. ಭಕ್ತಿ ಬಂದುದು ಆನಂತರ. 1992ರಲ್ಲಿ ಫ್ರೆಂಡ್ಸ್ ಆಫ್ ರಿಕ್‌ವುಡ್ ಎಂಬ ಸಂಘವನ್ನು ಕಟ್ಟಿಕೊಂಡ ಅಭಿಮಾನಿಗಳು, ಚಾವಣಿಯ ತುಕ್ಕನ್ನು ಕೆರೆದು, ಬಣ್ಣ ಬಳಿದು, ಹಣ ಕೂಡಿಸಿ, ಕೆಲಸವನ್ನು ವರ್ಷಾನುವರ್ಷ ಮುಂದುವರಿಸಿದರು. ಕ್ಲಾಸಿಕ್ ಪಂದ್ಯ ಹುಟ್ಟಿದುದು ಈ ಉದ್ಯೋಗದ ಅಂಗವಾಗಿಯೇ. ಕಟ್ಟಡವನ್ನು ವಸ್ತುಪ್ರದರ್ಶನಾಲಯವಾಗಿ ಮಾಡಿ ಹಗ್ಗ ಕಟ್ಟಿ ದೂರದಿಂದ ತೋರಿಸುವ ಮಾರ್ಗವೊಂದಿತ್ತು. ಇವರು ಅದನ್ನು ಹಿಡಿಯದೆ, ಬೆವರುವ ಆಟಗಾರರನ್ನೂ ಕಡಲೆಕಾಯಿ ಸಿಪ್ಪೆ ಚೆಲ್ಲುವ ಪ್ರೇಕ್ಷಕರನ್ನೂ ಒಳಕ್ಕೆ ಬಿಟ್ಟುಕೊಂಡರು. ಕಟ್ಟಡದ ಮಟ್ಟಿಗೆ ಇದು ವಿವೇಕವೆಂದೇ ನಾನು ಭಾವಿಸುತ್ತೇನೆ, ಏಕೆಂದರೆ ಬಳಸುವವರಿಲ್ಲದ ಚಾವಣಿ ಸೋರುವುದು ಯಾರಿಗೂ ತಿಳಿಯುವುದಿಲ್ಲ.

ಚರಿತ್ರೆಯ ಮಟ್ಟಿಗೆ ಈ ವೇಷದಿಂದ ಏನಾದೀತೆಂಬುದು 2024ರ ಜೂನ್ ತಿಂಗಳಲ್ಲಿ ಪರೀಕ್ಷೆಗೆ ಬಂದಿತು. ನೀಗ್ರೋ ಲೀಗುಗಳ ಗೌರವಾರ್ಥವಾಗಿ ಮೇಜರ್ ಲೀಗಿನವರೇ ರಿಕ್‌ವುಡ್ಡಿನಲ್ಲೊಂದು ಪಂದ್ಯವನ್ನು ನಿಶ್ಚಯಿಸಿ, ಅಂಗಣವನ್ನು ಜೀರ್ಣೋದ್ಧಾರ ಮಾಡಿಸಿ, ವಿಲ್ಲಿ ಮೇಸನನ್ನು ಆಹ್ವಾನಿಸಿದ್ದರು. ತೊಂಬತ್ತಮೂರರ ಮೇಸ್ ಬರಲಾಗುವುದಿಲ್ಲವೆಂದು ತಿಳಿಸಿದ ಮರುದಿನ, 18ನೆಯ ತಾರೀಖು ಸಂಜೆ, ಬ್ಯಾರನ್ಸ್ ಮತ್ತು ಮಾಂಟ್ಗಮರಿ ತಂಡಗಳು ಅದೇ ನೆಲದ ಮೇಲೆ ಆಡುತ್ತಿರುವಾಗ, ಆತನು ತೀರಿಕೊಂಡ ವಾರ್ತೆ ಬಂದಿತು. ಆಟ ನಿಂತಿತು, ಜನ ಎದ್ದು ನಿಂತು ದೀರ್ಘವಾಗಿ ಚಪ್ಪಾಳೆ ತಟ್ಟಿದರು, ಮತ್ತೆ ಆಟ ಮುಂದುವರಿಯಿತು. ಎರಡು ದಿನಗಳ ಮೇಲೆ ನಡೆದ ದೊಡ್ಡ ಪಂದ್ಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದವರು ಸೀ ಲಯನ್ಸ್ ಎಂಬ ಕಪ್ಪುವರ್ಣೀಯರ ತಂಡದ ಉಡುಪನ್ನೂ, ಸೇಂಟ್ ಲೂಯಿ ಕಾರ್ಡಿನಲ್ಸ್ ತಂಡದವರು ಸ್ಟಾರ್ಸ್ ಎಂಬ ಅಂಥದೇ ತಂಡದ ಉಡುಪನ್ನೂ ತೊಟ್ಟರು; ಮೇಜರ್ ಲೀಗಿನ ಇತಿಹಾಸದಲ್ಲಿ ಮೊದಲ ಸಲ ಅಂಪೈರುಗಳೆಲ್ಲರೂ ಕಪ್ಪುವರ್ಣೀಯರಾಗಿದ್ದರು; 1948ರ ಆ ಜಯದ ಪಿಚರ್ ಗ್ರೀಸನ್, ತೊಂಬತ್ತೊಂಬತ್ತನೆಯ ವಯಸ್ಸಿನಲ್ಲಿ, ವಿಧ್ಯುಕ್ತವಾಗಿ ಮೊದಲ ಚೆಂಡನ್ನೆಸೆದನು. ಕಾರ್ಡಿನಲ್ಸ್ 6-5ರಿಂದ ಗೆದ್ದಿತು. ದೂರದರ್ಶನದವರು ಸ್ವಲ್ಪ ಹೊತ್ತು ಬಣ್ಣವನ್ನು ತೆಗೆದು, ಕಪ್ಪು-ಬಿಳುಪಿನಲ್ಲಿ ಆಟವನ್ನು ತೋರಿಸಿ, ಹಳೆಯ ಕಾಲವನ್ನು ತಂದೆವೆಂದು ಸಂತೋಷಪಟ್ಟರು.

ಹಳೆಯ ಕಾಲ ನಿಜವಾಗಿ ಬಂದುದು ಅದಕ್ಕೆ ಮುಂಚೆ, ಅದೇ ದೂರದರ್ಶನದ ಮಾತುಕತೆಯಲ್ಲಿ. 1967ರಲ್ಲಿ ಬರ್ಮಿಂಗ್‌ಹ್ಯಾಮ್ ತಂಡದಲ್ಲಿ ಆಡಿದ್ದ ಕಪ್ಪುವರ್ಣೀಯ ಆಟಗಾರ ರೆಜ್ಜಿ ಜ್ಯಾಕ್ಸನ್, ಇಲ್ಲಿಗೆ ಮರಳಿದುದು ಹೇಗೆನಿಸುತ್ತದೆಂದು ಕೇಳಿದವರಿಗೆ, ಯಾವ ಸಿಹಿಯನ್ನೂ ಬೆರೆಸದೆ ಉತ್ತರ ಕೊಟ್ಟನು: ಹೋಟೆಲುಗಳು ತನಗೆ ಊಟವನ್ನೂ ಕೋಣೆಯನ್ನೂ ನಿರಾಕರಿಸಿದುದು, ಅವನಿಗೆ ಬಡಿಸದ ಕಡೆ ತಂಡವೇ ಉಣ್ಣದೆಂದು ವ್ಯವಸ್ಥಾಪಕ ಜಾನ್ ಮೆಕ್‌ನಮಾರ ಎದ್ದುಹೋದುದು, ಸಹ ಆಟಗಾರನಾದ ಜೋ ರೂಡಿ ದಂಪತಿಗಳು ತಮ್ಮ ಮನೆಯ ಸೋಫಾದ ಮೇಲೆ ಮಲಗಲು ಜಾಗ ಕೊಟ್ಟುದು, ಅದಕ್ಕಾಗಿ ಆ ಕಟ್ಟಡವನ್ನೇ ಸುಡುವುದಾಗಿ ಬೆದರಿಕೆ ಬಂದುದು. ಎಪ್ಪತ್ತೆಂಟು ವರ್ಷದ ಮನುಷ್ಯನು ಕೋಪವನ್ನು ಮುಚ್ಚಿಡದೆ ಹೇಳಿದ ಆ ಕೆಲವು ನಿಮಿಷಗಳ ಮುಂದೆ ಉಡುಪುಗಳ ಕಸೂತಿ ಪೇಲವವಾಗಿ ಕಂಡಿತು. ಹಾಗೆಂದು ಉಡುಪು ವ್ಯರ್ಥವೆನ್ನಲಾರೆ. ಪಂದ್ಯವಿರದಿದ್ದರೆ ಆತನನ್ನು ಅಲ್ಲಿಗೆ ಕರೆಯುವವರಾರು, ಪ್ರಶ್ನೆ ಕೇಳುವವರಾರು? ಉತ್ಸವವನ್ನು ಏರ್ಪಡಿಸಿದವರು ಬಯಸಿದ ಗತಕಾಲವೊಂದು, ಕರೆಗೆ ಓಗೊಟ್ಟು ಬಂದ ಗತಕಾಲವೊಂದು. ಎರಡನೆಯದನ್ನು ಹೊರಗಿಡಲು ಯಾರೂ ಯತ್ನಿಸಲಿಲ್ಲವೆಂಬುದನ್ನು ಬರ್ಮಿಂಗ್‌ಹ್ಯಾಮಿನ ಹಿರಿಮೆಯೆಂದೇ ನಾನು ಲೆಕ್ಕಹಾಕುತ್ತೇನೆ. ನೀಗ್ರೋ ಲೀಗುಗಳ ಅಂಕಿ ಅಂಶಗಳನ್ನು ಮೇಜರ್ ಲೀಗಿನ ದಾಖಲೆಗಳೊಡನೆ ಸೇರಿಸಿದುದು ಈ ಪಂದ್ಯದ ಹಿಂದಿನ ತಿಂಗಳಷ್ಟೆ. 1948ರಲ್ಲಿ ಬ್ಲ್ಯಾಕ್ ಬ್ಯಾರನ್ಸ್ ಪರವಾಗಿ ಮೇಸ್ ಗಳಿಸಿದ ಹತ್ತು ಹೊಡೆತಗಳು ಆತನ ಮೊತ್ತಕ್ಕೆ ಕೂಡಿ, 3,283 ಎಂದಿದ್ದುದು 3,293 ಆಯಿತು.

ಕ್ಲಾಸಿಕ್ ಪಂದ್ಯಕ್ಕೂ ಇಂಥ ಮಹೋತ್ಸವಗಳಿಗೂ ಸೇರದ ಮಿಕ್ಕ ದಿನಗಳಲ್ಲಿ ಅಂಗಣವು ಪಾಳುಬಿದ್ದಿರುವುದಿಲ್ಲ. ನಗರಸಭೆಗೆ ಸೇರಿದ ಆಸ್ತಿಯಾದ್ದರಿಂದ ಸ್ಥಳೀಯ ತಂಡಗಳು ಅಲ್ಲಿ ಆಡುತ್ತವೆ. ಅವುಗಳಲ್ಲೊಂದು, ಕಪ್ಪುವರ್ಣೀಯರ ವಿದ್ಯಾಭ್ಯಾಸಕ್ಕಾಗಿ ಸ್ಥಾಪಿತವಾದ, ಮೇಸ್ ಓದಿದ ಫೇರ್‌ಫೀಲ್ಡಿನಲ್ಲಿಯೇ ಇರುವ ಮೈಲ್ಸ್ ಕಾಲೇಜಿನದು. ಆ ವಿದ್ಯಾರ್ಥಿಗಳು ಆಡುವುದು ಈ ವರ್ಷದ ಉಡುಪಿನಲ್ಲಿ.